ಅಟ್ಟದ ಕಾಯಿಯೂ ರಾಷ್ಟ್ರದ ಆದಾಯವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದ ಒಡೆಯರೊಬ್ಬರನ್ನು ಈ ವರ್ಷ ನಿಮ್ಮ ಆದಾಯವೆಷ್ಟೆಂದು ಕೇಳಿದರೆ ಅವರು ಒಡನೆಯೇ ಉತ್ತರ ಕೊಡಲಾರರು. ಅದಕ್ಕೆ ಅವರ ಅಜ್ಞಾನವಾಗಲಿ ಸಂಕೋಚವಾಗಲಿ ಕಾರಣವಲ್ಲ, ಅವರ ಕಸುಬಿನ ಸ್ವರೂಪವೇ ಕಾರಣ. ಬಲಿತ ಕಾಯಿಯನ್ನು ಮರದಿಂದಿಳಿಸಿ, ಸುಲಿಯದೆ ಹಾಗೆಯೇ ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ಸಂವತ್ಸರ ಪರ್ಯಂತ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಕುಲುಕಿದರೆ ಸದ್ದು ಕೊಡುವವರೆಗೆ ಕಾದು, ಅನಂತರ ಸುಲಿದು ಚಿಪ್ಪೊಡೆದು ತೆಗೆದ ಇಡಿಯ ಗಿಟುಕೇ ಉತ್ತರ ಹಿಂದೂಸ್ಥಾನದ ಪೇಟೆಗಳವರೆಗೆ ಹೆಸರಾದ ತಿಪಟೂರಿನ ಉಂಡೆ ಕೊಬ್ಬರಿ. ಮರವು ಫಲ ಕೊಟ್ಟದ್ದು ಒಂದು ವರ್ಷ, ಹಣ ಕೈಸೇರುವುದು ಮತ್ತೊಂದು ವರ್ಷ. ನಡುವೆ ಮಾರ್ಚ್ 31ರ ಲೆಕ್ಕದ ಗೆರೆ ಹಾದುಹೋಗಿರುತ್ತದೆ. ಹಾಗಾದರೆ ಅಟ್ಟದ ಮೇಲಿನ ಆ ರಾಶಿ ಯಾವ ವರ್ಷದ ಆದಾಯ?

ಈ ಪ್ರಶ್ನೆಯನ್ನು ಗ್ರಾಮದ ಮಟ್ಟದಲ್ಲಿಯೇ ಬಿಡಿಸಿಕೊಳ್ಳುವುದು ಲೇಸು. ಏತಕ್ಕೆಂದರೆ ರಾಷ್ಟ್ರಗಳ ಆದಾಯವನ್ನು ಅಳೆದು ಒಂದನ್ನೊಂದರ ಪಕ್ಕದಲ್ಲಿಟ್ಟು, ಇದು ಮುಂದೆ ಅದು ಹಿಂದೆ ಎಂದು ಪಟ್ಟಿಮಾಡುವ ಶಾಸ್ತ್ರದ ತೊಡಕುಗಳೆಲ್ಲವೂ ಬೀಜರೂಪದಲ್ಲಿ ಇಲ್ಲಿಯೇ ಇವೆ. ವಿಶ್ವಸಂಸ್ಥೆಯ ನೆರವಿನಿಂದ 1953ರಲ್ಲಿ ಮೊದಲು ರೂಪುಗೊಂಡು 1968, 1993, 2008ರಲ್ಲಿ ಪರಿಷ್ಕೃತವಾಗುತ್ತ ಬಂದ ರಾಷ್ಟ್ರೀಯ ಲೆಕ್ಕಗಳ ಪದ್ಧತಿಯು ಅಟ್ಟದ ಕಾಯಿಗೆ ಕೊಡುವ ಉತ್ತರ ಹೀಗೆ: ಉತ್ಪಾದನೆಯು ನಡೆದ ಕಾಲದಲ್ಲಿಯೇ ಅದನ್ನು ಆದಾಯವೆಂದು ಗಣಿಸತಕ್ಕದ್ದು, ಮಾರಾಟವಾಗುವವರೆಗೆ ಕಾಯತಕ್ಕದ್ದಲ್ಲ, ಮಾರದೆ ಉಳಿದದ್ದು ದಾಸ್ತಾನಿನ ಹೆಚ್ಚಳವೆಂದು ಆ ವರ್ಷದ ಲೆಕ್ಕಕ್ಕೇ ಸೇರುತ್ತದೆ. ಅಟ್ಟದಲ್ಲಿ ಕಾಯಿಯು ಕೊಬ್ಬರಿಯಾಗಿ ಪರಿವರ್ತನೆ ಹೊಂದುವುದೂ ಉತ್ಪಾದನೆಯೇ. ಆದರೆ ಅಟ್ಟದಲ್ಲಿರುವಾಗಲೇ ಪೇಟೆಯ ಧಾರಣೆ ಏರಿ ಅದರಿಂದ ದೊರೆತ ಹೆಚ್ಚುವರಿ ಹಣ ಮಾತ್ರ ಆದಾಯವಲ್ಲ. 2024ರ ಆರಂಭದಲ್ಲಿ ತಿಪಟೂರಿನ ಹರಾಜಿನಲ್ಲಿ ಉಂಡೆ ಕೊಬ್ಬರಿಯ ಧಾರಣೆ ಸರ್ಕಾರದ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು ಬೆಳೆಗಾರರು ಬೀದಿಗಿಳಿಯಬೇಕಾಯಿತು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿಯನ್ನು ದಾಟಿತು. ಕಾಯಿಯನ್ನು ತಡೆದು ಇಟ್ಟುಕೊಂಡಿದ್ದವನ ಕೈಗೆ ಅಧಿಕ ಹಣ ಬಂದದ್ದು ನಿಜ, ಅದರಿಂದ ಅವನ ಸಾಲ ತೀರಿದ್ದೂ ಉಂಟು. ಆದರೂ ಹೊಸದಾಗಿ ಒಂದು ಗಿಟುಕೂ ಹುಟ್ಟಲಿಲ್ಲವಾದ್ದರಿಂದ ರಾಷ್ಟ್ರೀಯ ಆದಾಯದ ಗಣಕನು ಆ ಏರಿಕೆಯನ್ನು ಹಿಡುವಳಿಯ ಲಾಭವೆಂದು ಬೇರ್ಪಡಿಸಿ ಹೊರಗಿಡುತ್ತಾನೆ. ಈ ಕಠಿಣ ವಿವೇಕವಿಲ್ಲದಿದ್ದರೆ ಪ್ರತಿಯೊಂದು ಬೆಲೆಯೇರಿಕೆಯೂ ದೇಶದ ಐಶ್ವರ್ಯವೆಂದು ಮೆರೆದೀತು.

ಎರಡನೆಯ ಪ್ರಶ್ನೆ, ಆದಾಯವು ಯಾರದೆಂಬುದು. ಒಂದು ದೇಶದ ಎಲ್ಲೆಯೊಳಗೆ ನಡೆದ ಉತ್ಪಾದನೆಯು ಹೊಸದಾಗಿ ಸೇರಿಸಿದ ಮೌಲ್ಯವನ್ನೆಲ್ಲ ಕೂಡಿಸಿದರೆ ಒಟ್ಟು ದೇಶೀಯ ಉತ್ಪನ್ನ ದೊರೆಯುತ್ತದೆ. ಅದಕ್ಕೆ ಆ ದೇಶದ ನಿವಾಸಿಗಳು ಹೊರದೇಶಗಳಿಂದ ಗಳಿಸಿದ ಸಂಬಳ, ಬಡ್ಡಿ, ಲಾಭಾಂಶಗಳನ್ನು ಸೇರಿಸಿ, ಹೊರದೇಶದವರು ಇಲ್ಲಿಂದ ಅದೇ ಬಗೆಯಲ್ಲಿ ಗಳಿಸಿ ಒಯ್ದದ್ದನ್ನು ಕಳೆದರೆ ಉಳಿಯುವುದೇ ಒಟ್ಟು ರಾಷ್ಟ್ರೀಯ ಆದಾಯ. 1993ರ ಪರಿಷ್ಕರಣಕ್ಕೆ ಮುಂಚೆ ಇದನ್ನೇ ರಾಷ್ಟ್ರೀಯ ಉತ್ಪನ್ನವೆಂದು ಕರೆಯುತ್ತಿದ್ದರು. ಭಾರತದಲ್ಲಿ ಹೊರಕ್ಕೆ ಹೋಗುವ ಬಡ್ಡಿ ಲಾಭಗಳು ಒಳಕ್ಕೆ ಬರುವುದಕ್ಕಿಂತ ಹೆಚ್ಚಾಗಿರುವುದರಿಂದ ನಮ್ಮ ರಾಷ್ಟ್ರೀಯ ಆದಾಯವು ದೇಶೀಯ ಉತ್ಪನ್ನಕ್ಕಿಂತ ತುಸು ಕಡಿಮೆ. ತಮ್ಮ ಲಕ್ಷಾಂತರ ಜನರನ್ನು ಗುತ್ತಿಗೆಯ ಮೇಲೆ ಕಡಲಾಚೆಗೆ ದುಡಿಯಲು ಕಳುಹಿಸಿ, ಅವರನ್ನು ಸ್ವದೇಶದ ನಿವಾಸಿಗಳೆಂದೇ ಗಣಿಸುವ ಫಿಲಿಪೀನ್ಸ್ ದ್ವೀಪಗಳಲ್ಲಿ ಇದು ತಲೆಕೆಳಗು: ಅಲ್ಲಿ ಆದಾಯವು ಉತ್ಪನ್ನವನ್ನು ಎದ್ದುಕಾಣುವಷ್ಟು ಮೀರಿದೆ. ಐರ್ಲೆಂಡಿನ ಸಂಗತಿಯಂತೂ ರಾಷ್ಟ್ರೀಯ ಲೆಕ್ಕಗಳ ಚರಿತ್ರೆಯಲ್ಲಿಯೇ ಅಪೂರ್ವವಾದುದು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು ಮೊದಲಾದ ಅಮೂರ್ತ ಸ್ವತ್ತುಗಳನ್ನು ಆ ಸಣ್ಣ ದೇಶಕ್ಕೆ ವರ್ಗಾಯಿಸಿದ ಮಾತ್ರಕ್ಕೆ 2015ರಲ್ಲಿ ಅದರ ದೇಶೀಯ ಉತ್ಪನ್ನವು ಶೇಕಡಾ 26ರಷ್ಟು ಬೆಳೆದಂತೆ ಪ್ರಕಟವಾಯಿತು. ರಾಷ್ಟ್ರೀಯ ಆದಾಯದ ಅಂಕಿಯೂ ಆ ಉಬ್ಬರದಿಂದ ಪಾರಾಗಲಿಲ್ಲವಾಗಿ, 2017ರಿಂದ ಅಲ್ಲಿಯ ಅಂಕಿಸಂಖ್ಯಾ ಇಲಾಖೆಯು ಪರಿಷ್ಕೃತ ರಾಷ್ಟ್ರೀಯ ಆದಾಯವೆಂಬ ಮತ್ತೊಂದು ಅಳತೆಯನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕಾಯಿತು.

ನಮ್ಮ ಸೀಮೆಗೆ ಮರಳೋಣ. ತುರುವೇಕೆರೆಯ ಕಡೆಯ ಮನೆಯೊಂದರ ಮಗಳು ಅಮೆರಿಕದಲ್ಲಿ ವರ್ಷಾನುಗಟ್ಟಲೆ ನೆಲಸಿ ಕೆಲಸದಲ್ಲಿದ್ದು, ತಾಯಿತಂದೆಯರಿಗೆ ತಿಂಗಳು ತಿಂಗಳೂ ಹಣ ಕಳುಹಿಸುತ್ತಾಳೆಂದು ಭಾವಿಸಿ. ಆ ಹಣ ಭಾರತದ ರಾಷ್ಟ್ರೀಯ ಆದಾಯದೊಳಗೆ ಬರುವುದೆಂದು ಅನೇಕರು ತಿಳಿದಿದ್ದಾರೆ, ಬರುವುದಿಲ್ಲ. ಒಂದು ವರ್ಷಕ್ಕೆ ಮೀರಿ ಅನ್ಯದೇಶದಲ್ಲಿ ನೆಲಸಿದವಳು ಲೆಕ್ಕದ ದೃಷ್ಟಿಯಲ್ಲಿ ಆ ದೇಶದ ನಿವಾಸಿ, ಅವಳ ಸಂಬಳವು ಅಮೆರಿಕದ ಆದಾಯ. ಅವಳು ಕಳುಹಿಸಿದ್ದು ಕೇವಲ ವರ್ಗಾವಣೆಯಾಗಿ, ವಿನಿಯೋಗಕ್ಕೆ ಲಭ್ಯವಾದ ರಾಷ್ಟ್ರೀಯ ಆದಾಯವೆಂಬ ಬೇರೊಂದು ಸಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಅವಳ ಅಣ್ಣನು ಬೆಂಗಳೂರಿನಲ್ಲಿದ್ದರೆ ಅವನ ಗಳಿಕೆ ಭಾರತದ ಆದಾಯವೇನೋ ಹೌದು, ಆದರೆ ತುಮಕೂರು ಜಿಲ್ಲೆಯದಲ್ಲ. ರಾಜ್ಯ, ಜಿಲ್ಲೆಗಳ ಮಟ್ಟದಲ್ಲಿ ನಾವು ಪ್ರಕಟಿಸುವ ತಲಾ ಆದಾಯವೆಂಬುದು ಅಸಲಿನಲ್ಲಿ ಆಯಾ ಸ್ಥಳದಲ್ಲಿ ಹುಟ್ಟಿದ ಉತ್ಪನ್ನವನ್ನು ಆಯಾ ಸ್ಥಳದ ಜನಸಂಖ್ಯೆಯಿಂದ ಭಾಗಿಸಿದ್ದು. ತಾಲ್ಲೂಕಿನ ಎಲ್ಲೆಯಲ್ಲಿ ಸುಂಕದ ಕಟ್ಟೆಯಿಲ್ಲವಾದಕಾರಣ ಒಳಗೂ ಹೊರಗೂ ಹರಿಯುವ ಆದಾಯವನ್ನು ಅಳೆಯುವವರಿಲ್ಲ. ಬೆಂಗಳೂರು ನಗರ ಜಿಲ್ಲೆಯನ್ನೂ ತೆಂಗಿನ ಸೀಮೆಯನ್ನೂ ಹೋಲಿಸಿ, ಒಂದು ಶ್ರೀಮಂತ ಮತ್ತೊಂದು ಬಡ ಎಂದು ಬರೆಯುವವರು ಈ ಭೇದವನ್ನು ಮನಸ್ಸಿನಲ್ಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಕಾಲದ ಮಾತು. ಭಾರತೀಯನ ಸರಾಸರಿ ವಾರ್ಷಿಕ ಆದಾಯವನ್ನು ಮೊಟ್ಟಮೊದಲು ಗಣಿತಕ್ಕೆ ತಂದವರು ದಾದಾಭಾಯಿ ನವರೋಜಿ. ಪ್ರಾಂತ ಪ್ರಾಂತಗಳ ಬೆಳೆಯ ಸರ್ಕಾರಿ ಅಂಕಿಗಳನ್ನು ಕಷ್ಟಪಟ್ಟು ಕೂಡಿಹಾಕಿ, 1867-68ರಲ್ಲಿ ಅದು ತಲೆಗೆ ಇಪ್ಪತ್ತು ರೂಪಾಯಿಯೆಂದು ಅವರು 1876ರಲ್ಲಿ ಮಂಡಿಸಿದರು. ಅಷ್ಟಕ್ಕೆ ನಿಲ್ಲದೆ, ಸೆರೆಮನೆಯಲ್ಲಿ ಕೈದಿಯ ಅನ್ನವಸ್ತ್ರಕ್ಕೆ ಸರ್ಕಾರವೇ ಮಾಡುವ ವೆಚ್ಚದೊಡನೆ ಆ ಮೊತ್ತವನ್ನು ತೂಗಿ, ಸ್ವತಂತ್ರ ಪ್ರಜೆಗೆ ಅಷ್ಟೂ ದೊರೆಯುತ್ತಿಲ್ಲವೆಂದು ತೋರಿಸಿದರು. ದೇಶದಿಂದ ಪ್ರತಿಫಲವಿಲ್ಲದೆ ಹೊರಕ್ಕೆ ಸೋರಿಹೋಗುತ್ತಿದ್ದ ಸಂಪತ್ತನ್ನು ಕುರಿತ ಅವರ ವಾದವು, ದೇಶೀಯ ಉತ್ಪನ್ನಕ್ಕೂ ರಾಷ್ಟ್ರೀಯ ಆದಾಯಕ್ಕೂ ನಡುವಣ ಅಂತರವು ಒಂದು ಜನಾಂಗದ ಹೊಟ್ಟೆಯ ಪ್ರಶ್ನೆಯಾಗಬಲ್ಲುದೆಂಬುದರ ಮೊದಲ ಸ್ಪಷ್ಟ ನಿರೂಪಣೆಯೆಂದು ನನ್ನ ಭಾವನೆ. ಅವರ ಇಪ್ಪತ್ತು ರೂಪಾಯಿಗೆ ಎದುರಾಗಿ 1882ರಲ್ಲಿ ಬೇರಿಂಗ್ ಮತ್ತು ಬಾರ್ಬರ್ ಎಂಬ ಅಧಿಕಾರಿಗಳು 27 ರೂಪಾಯಿಯನ್ನೂ, ಆಮೇಲೆ ಕರ್ಜನ್ ಪ್ರಭುವು 30 ರೂಪಾಯಿಯನ್ನೂ ಮುಂದಿಟ್ಟರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು 1972ರಲ್ಲಿ ಸ್ಥಾಪಿಸಿದ ವಿ.ಕೆ.ಆರ್.ವಿ. ರಾವ್ ಅವರು ಕೇಂಬ್ರಿಜ್ಜಿನಲ್ಲಿ ಕಲಿತ ಹೊಸ ವಿಧಾನದಿಂದ 1931-32ನೆಯ ಸಾಲಿಗೆ 62 ರೂಪಾಯಿಯೆಂದು ಎಣಿಸಿದರು. ಸ್ವಾತಂತ್ರ್ಯಾನಂತರ 1949ರಲ್ಲಿ ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ, ಗಾಡ್ಗೀಳ್ ಮತ್ತು ರಾವ್ ಅವರ ಸದಸ್ಯತ್ವದಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಯು ತನ್ನ ಮೊದಲ ವರದಿಯಲ್ಲಿ 1948-49ಕ್ಕೆ ತಲೆಗೆ 255 ರೂಪಾಯಿಯೆಂದು ಹೇಳಿತು. ಪ್ರಪಂಚಪ್ರಸಿದ್ಧರಾದ ಸೈಮನ್ ಕುಜ್ನೆಟ್ಸ್, ರಿಚರ್ಡ್ ಸ್ಟೋನ್ ಇಬ್ಬರೂ ಅದಕ್ಕೆ ಸಲಹೆಗಾರರಾಗಿದ್ದರು.

ಇಪ್ಪತ್ತು, ಅರವತ್ತೆರಡು, ಇನ್ನೂರೈವತ್ತೈದು: ಈ ಸಂಖ್ಯೆಗಳನ್ನು ಒಂದು ಸಾಲಿನಲ್ಲಿಟ್ಟು ಎಂಬತ್ತು ವರ್ಷಗಳಲ್ಲಿ ಭಾರತೀಯನು ಹನ್ನೆರಡು ಪಟ್ಟು ಉಂಡನೆಂದು ಓದಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಎರಡನೆಯ ಮಹಾಯುದ್ಧ ಆರಂಭವಾದಂದಿನಿಂದ 1948-49ರೊಳಗೆ ಸಗಟು ಬೆಲೆಗಳೇ ಮೂರೂವರೆ ಪಟ್ಟಿಗೆ ಮೀರಿ ಏರಿದ್ದುವು. ಮೇಲಾಗಿ ಅಳತೆಗೊಳಗಾದ ಭೂಮಿಯೂ ಒಂದೇ ಅಲ್ಲ. ರಾವ್ ಅವರ 1931-32ರ ಗಣನೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ಆಗ ತಿಪಟೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ನಮ್ಮ ತೋಟಗಳ ಒಂದು ಕಾಯಿಯೂ ಆ 62 ರೂಪಾಯಿಯೊಳಗೆ ಇಲ್ಲ! ಅದೇ ತೋಟಗಳು 1948-49ರ ಮೊತ್ತದೊಳಗೆ ಸೇರಿವೆ. ದೇಶದ ಎಲ್ಲೆ ಬದಲಾದಾಗ ಸರಾಸರಿಯ ಅರ್ಥವೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಬೆಲೆಯ ಏರಿಕೆಯನ್ನು ಕಳೆದು ನೋಡುವ ಕ್ರಮವನ್ನು ಇತ್ತೀಚಿನ ಕೊಬ್ಬರಿಯಿಂದಲೇ ತಿಳಿಯಬಹುದು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಲಿಗೆ 5,500 ರೂಪಾಯಿ, 2025ರಲ್ಲಿ 12,100. ಶೇಕಡಾ 120ರ ಏರಿಕೆಯೆಂದು ಪ್ರಕಟಣೆಯು ಹೇಳಿದ್ದು ಅಂಕಗಣಿತಕ್ಕೆ ಸರಿ. ಆದರೆ ಅದೇ ಅವಧಿಯಲ್ಲಿ ಗ್ರಾಹಕ ಬೆಲೆಗಳ ಸೂಚ್ಯಂಕವೂ ಶೇಕಡಾ ಎಪ್ಪತ್ತರ ಆಸುಪಾಸಿನಷ್ಟು ಏರಿರುವುದರಿಂದ, ಒಂದು ಕ್ವಿಂಟಲು ಕೊಬ್ಬರಿಯನ್ನು ಬೆಂಬಲ ಬೆಲೆಗೆ ಕೊಟ್ಟವನು ಪೇಟೆಯಿಂದ ಮನೆಗೆ ತರಬಲ್ಲ ಸಾಮಾನಿನ ಹೆಚ್ಚಳ ಶೇಕಡಾ ಮೂವತ್ತರ ಆಸುಪಾಸು ಮಾತ್ರ. ರಾಷ್ಟ್ರೀಯ ಆದಾಯವನ್ನು ಸ್ಥಿರ ಬೆಲೆಗಳಲ್ಲಿ ಹೇಳುವುದೆಂದರೆ ಒಂದು ಆಧಾರ ವರ್ಷದ ಬೆಲೆಗಳನ್ನು ನಿಲ್ಲಿಸಿಕೊಂಡು ಎಲ್ಲ ವರ್ಷಗಳ ಪದಾರ್ಥಗಳಿಗೂ ಅವನ್ನೇ ಕಟ್ಟುವುದು. ಈ ಉಪಾಯವು ಹತ್ತಿಪ್ಪತ್ತು ವರ್ಷಗಳಿಗೆ ಸಾಲುತ್ತದೆ. ಮನೆಯ ವೆಚ್ಚದ ಬಹುಭಾಗವೆಲ್ಲ ರಾಗಿ, ಸೀಮೆಎಣ್ಣೆ, ಬಟ್ಟೆಗಳಾಗಿದ್ದ ಕಾಲದಿಂದ ಮೊಬೈಲು, ಔಷಧಿ, ಕಾಲೇಜು ಶುಲ್ಕಗಳ ಕಾಲದವರೆಗೆ ಒಂದೇ ಬುಟ್ಟಿಯನ್ನು ಹೊತ್ತು ನಡೆದರೆ ಬುಟ್ಟಿಯೇ ಅರ್ಥ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಆಧಾರ ವರ್ಷವನ್ನು ಆಗಾಗ್ಗೆ ಬದಲಾಯಿಸಬೇಕಾಗುವುದು.

ದೇಶ ದೇಶಗಳ ಹೋಲಿಕೆಗೆ ಬಂದಾಗ ಕಾಲದ ತೊಡಕಿಗೆ ನಾಣ್ಯದ ತೊಡಕೂ ಜತೆಗೂಡುತ್ತದೆ. 1966ನೆಯ ಇಸವಿ ಜೂನ್ 6ರಂದು ಭಾರತ ಸರ್ಕಾರವು ರೂಪಾಯಿಯ ಅಪಮೌಲ್ಯವನ್ನು ಘೋಷಿಸಿತು: ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ವರ್ಷಕ್ಕೆ ಸಾವಿರ ರೂಪಾಯಿ ಗಳಿಸುತ್ತಿದ್ದ ಚಿಕ್ಕನಾಯಕನಹಳ್ಳಿಯ ಬೇಸಾಯಗಾರನು ಹಿಂದಿನ ದಿನ 210 ಡಾಲರಿನ ಒಡೆಯನಾಗಿದ್ದು, ಬೆಳಗಾಗುವುದರೊಳಗೆ 133 ಡಾಲರಿನವನಾದನು. ಅವನ ಮರಗಳು ಅಷ್ಟೇ ಹೊಂಬಾಳೆ ಬಿಟ್ಟಿದ್ದುವು, ಅಟ್ಟದಲ್ಲಿ ಅಷ್ಟೇ ಕಾಯಿ ಇತ್ತು, ಕಣಜದಲ್ಲಿ ಅಷ್ಟೇ ರಾಗಿ ಇತ್ತು. ಆದರೂ ಪ್ರಪಂಚದ ಪಟ್ಟಿಯಲ್ಲಿ ಅವನು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬಡವನಾಗಿದ್ದನು. ಒಂದು ಊರಿನ ಸೇರಿನಲ್ಲಿ ಅಳೆದ ಧಾನ್ಯವನ್ನು ಮತ್ತೊಂದು ಊರಿನ ಸೇರಿನ ಲೆಕ್ಕದಲ್ಲಿ ಹೇಳಹೊರಟು, ನಡುವೆ ಯಾರೋ ಸೇರನ್ನೇ ಹಿರಿದುಮಾಡಿದಂತೆ ಇದು. ವಿಶ್ವಬ್ಯಾಂಕು ತನ್ನ ಅಟ್ಲಾಸ್ ವಿಧಾನದಲ್ಲಿ ಒಂದೇ ದಿನದ ದರವನ್ನು ನಂಬದೆ, ಮೂರು ವರ್ಷಗಳ ವಿನಿಮಯ ದರಗಳನ್ನು ದೇಶಗಳ ನಡುವಣ ಬೆಲೆಯೇರಿಕೆಯ ವ್ಯತ್ಯಾಸಕ್ಕೆ ತಕ್ಕಂತೆ ತಿದ್ದಿ ಸರಾಸರಿ ತೆಗೆಯುತ್ತದೆ. ಇದರಿಂದ ಹೊಯ್ದಾಟವು ತಗ್ಗುವುದೇ ಹೊರತು ಮೂಲದೋಷವು ಹೋಗದು.

ಆ ಮೂಲದೋಷವೇನೆಂಬುದನ್ನು ತೋಟದಲ್ಲಿಯೇ ಕಾಣಬಹುದು. ಕೊಬ್ಬರಿಯು ಗಡಿ ದಾಟಬಲ್ಲ ಸರಕು. ಸುಂಕ ಸಾಗಾಣಿಕೆಗಳನ್ನು ಬಿಟ್ಟರೆ ಅದರ ಬೆಲೆ ದೇಶಗಳ ನಡುವೆ ಒಂದಕ್ಕೊಂದು ಸಮೀಪಿಸಲು ಯತ್ನಿಸುತ್ತದೆ. ಮರವೇರಿ ಕಾಯಿ ಕೀಳುವವನ ಕೂಲಿ, ಕ್ಷೌರಿಕನ ಕೂಲಿ, ಶಾಲೆಯ ಉಪಾಧ್ಯಾಯರ ಸಂಬಳ ಇವು ಗಡಿ ದಾಟಲಾರವು. ಹವಾಯಿಯ ತೆಂಗಿನ ಮರವನ್ನು ಏರುವವನೂ ತಿಪಟೂರಿನ ಮರವನ್ನು ಏರುವವನೂ ಒಂದೇ ಎತ್ತರವನ್ನು ಏರುತ್ತಾರೆ, ಒಂದೇ ಅಪಾಯಕ್ಕೆ ಮೈಯೊಡ್ಡುತ್ತಾರೆ. ಆದರೂ ಹವಾಯಿಯವನನ್ನು ಮರದ ಕೆಲಸಕ್ಕೆ ಉಳಿಸಿಕೊಳ್ಳಬೇಕಾದರೆ ಆ ದೇಶದ ಕಾರ್ಖಾನೆ ಕಚೇರಿಗಳು ಕೊಡುವ ವೇತನಕ್ಕೆ ಸರಿದೂಗಬೇಕಾಗುವುದರಿಂದ ಅವನ ಕೂಲಿ ಅನೇಕ ಪಟ್ಟು. ಬಡದೇಶದಲ್ಲಿ ಇಂಥ ಸೇವೆಗಳೆಲ್ಲ ಅಗ್ಗವಾಗಿದ್ದು, ವಿನಿಮಯ ದರವು ಆ ಅಗ್ಗವನ್ನು ಕಾಣದೆ ಹೋಗುತ್ತದೆ. ಇದನ್ನು ಸರಿಪಡಿಸಲು ಸ್ವೀಡನ್ನಿನ ಗುಸ್ತಾವ್ ಕಾಸೆಲ್ ಹೆಸರಿಟ್ಟ ಕೊಳ್ಳುವ ಶಕ್ತಿಯ ಸಮಾನತೆಯ ತತ್ತ್ವವನ್ನು ಆಧರಿಸಿ, 1968ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಕ್ರಾವಿಸ್, ಹೆಸ್ಟನ್, ಸಮ್ಮರ್ಸ್ ಎಂಬ ಮೂವರು ವಿದ್ವಾಂಸರು ದೇಶದೇಶಗಳ ಪೇಟೆಯ ಬೆಲೆಗಳನ್ನು ನೇರವಾಗಿ ಸಂಗ್ರಹಿಸಿ ಹೋಲಿಸುವ ಮಹಾಕಾರ್ಯಕ್ಕೆ ಕೈಹಾಕಿದರು. 1970ನೆಯ ವರ್ಷವನ್ನು ಕುರಿತ ಅವರ ಮೊದಲ ಹೋಲಿಕೆಯ ಹತ್ತು ದೇಶಗಳಲ್ಲಿ ಭಾರತವೂ ಒಂದು. ಈ ಬಗೆಯ ಅಳತೆಯಲ್ಲಿ ಭಾರತೀಯನ ತಲಾ ಆದಾಯವು ವಿನಿಮಯ ದರದ ಅಳತೆಗಿಂತ ಇಂದು ಸುಮಾರು ನಾಲ್ಕು ಪಟ್ಟಾಗಿ ಕಾಣುತ್ತದೆ: 2023ಕ್ಕೆ ಒಂದರಲ್ಲಿ ಎರಡೂವರೆ ಸಾವಿರ ಡಾಲರಿನ ಸನಿಹ, ಮತ್ತೊಂದರಲ್ಲಿ ಹತ್ತು ಸಾವಿರದ ಸನಿಹ.

ಆದರೆ ಎರಡು ದೇಶಗಳ ಬೆಲೆಯನ್ನು ಹೋಲಿಸಬೇಕಾದರೆ ಪದಾರ್ಥ ಒಂದೇ ಆಗಿರಬೇಡವೆ? ಕೇರಳದ ಒಣಗಿಸಿದ ಹೋಳು ಕೊಬ್ಬರಿ ಗಾಣಕ್ಕೆ ಹೋಗುತ್ತದೆ, ತಿಪಟೂರಿನ ಉಂಡೆ ಕೊಬ್ಬರಿ ಪೂಜೆಗೂ ಸಿಹಿತಿಂಡಿಗೂ ಒಣಹಣ್ಣಿನ ತಟ್ಟೆಗೂ ಹೋಗುತ್ತದೆ. ಸರ್ಕಾರವೂ 2025ರಲ್ಲಿ ಗಾಣದ ಕೊಬ್ಬರಿಗೆ 11,582 ಎಂದೂ ಉಂಡೆಗೆ 12,100 ಎಂದೂ ಬೇರೆ ಬೇರೆ ಬೆಲೆ ಕಟ್ಟಿತು. ನೆರೆಯ ಎರಡು ರಾಜ್ಯಗಳ ಒಂದೇ ಫಲಕ್ಕೆ ಇಷ್ಟು ವಿವೇಚನೆ ಬೇಕಾದರೆ ಖಂಡಾಂತರದ ಮನೆಬಾಡಿಗೆ, ವೈದ್ಯಸೇವೆಗಳ ಹೋಲಿಕೆ ಎಷ್ಟು ಸೂಕ್ಷ್ಮವಾದೀತು! ಇದಕ್ಕಿಂತ ಗಹನವಾದುದು ಯಾರ ಬುಟ್ಟಿಯನ್ನು ಪ್ರಮಾಣವಾಗಿಡಬೇಕೆಂಬ ಪ್ರಶ್ನೆ. ತಿಪಟೂರಿನ ಮನೆಯಲ್ಲಿ ತೆಂಗಿನಕಾಯಿ ದಿನದ ಸಾರು ಪಲ್ಯಗಳಿಗೆ ಬೀಳುತ್ತದೆ. ಸ್ಟಾಕ್‌ಹೋಮಿನಲ್ಲಿ ಅದು ಅಪರೂಪದ ದುಬಾರಿ ವಸ್ತು. ನಮ್ಮ ಮನೆಯ ಅಡಿಗೆಗೆ ಸ್ಟಾಕ್‌ಹೋಮಿನ ಬೆಲೆ ಕಟ್ಟಿದರೆ ನಾವು ಶ್ರೀಮಂತರಾಗಿ ತೋರುತ್ತೇವೆ, ಅವರ ಬುಟ್ಟಿಯನ್ನು ತಂದು ಇಲ್ಲಿಯ ಪೇಟೆಯಲ್ಲಿ ಕೊಳ್ಳಹೊರಟರೆ ಬಡವರಾಗಿ ತೋರುತ್ತೇವೆ. ಎರಡು ಉತ್ತರಗಳೂ ಸತ್ಯ. ಗಣಕರು ಅವುಗಳ ನಡುವಣ ಸರಾಸರಿಗೆ ಒಪ್ಪಿಕೊಂಡಿದ್ದಾರೆ. 2005ನೆಯ ವರ್ಷದ ಹೊಸ ಬೆಲೆಸಂಗ್ರಹದ ಫಲಿತಾಂಶ ಹೊರಬಂದಾಗ ಚೀನಾ, ಭಾರತಗಳ ಆರ್ಥಿಕ ಗಾತ್ರವು ಅದಕ್ಕೆ ಹಿಂದಿನ ಅಂದಾಜಿಗಿಂತ ಶೇಕಡಾ ನಲವತ್ತರ ಆಸುಪಾಸಿನಷ್ಟು ಕುಗ್ಗಿತು.

ತೆಂಗು ಬೆಳೆಯುವ ನಾಲ್ಕು ಪ್ರಮುಖ ದೇಶಗಳಾದ ಇಂಡೊನೇಷ್ಯಾ, ಫಿಲಿಪೀನ್ಸ್, ಭಾರತ, ಶ್ರೀಲಂಕಾಗಳನ್ನು ಈ ಅಳತೆಗಳ ಬೆಳಕಿನಲ್ಲಿ ನೋಡಿದರೆ ತಲಾ ರಾಷ್ಟ್ರೀಯ ಆದಾಯದ ಮೇಲೆ ದೇಶಗಳನ್ನು ವರ್ಗಗಳಾಗಿ ವಿಂಗಡಿಸುವ ವಿಶ್ವಬ್ಯಾಂಕಿನ ಗೆರೆಗಳನ್ನು ಎಷ್ಟು ಜಾಗರೂಕತೆಯಿಂದ ಓದಬೇಕೆಂಬುದು ತಿಳಿಯುತ್ತದೆ. 2018ರ ಆದಾಯ 4,060 ಡಾಲರಾದುದರಿಂದ ಶ್ರೀಲಂಕಾವು ಮೇಲ್ಮಧ್ಯಮ ವರ್ಗಕ್ಕೇರಿತು. ಮರುವರ್ಷ ಅದು 4,020 ಆಗಿ, ಗೆರೆಯೂ 4,045ಕ್ಕೆ ಮೇಲೇರಿದುದರಿಂದ ಮತ್ತೆ ಕೆಳಗಿಳಿಯಿತು. ಇಂಡೊನೇಷ್ಯಾ 2020ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಏರಿ, 2021ರ ಪಟ್ಟಿಯಲ್ಲಿ ಇಳಿದು, 2023ರ ಪಟ್ಟಿಯಲ್ಲಿ ಪುನಃ ಏರಿತು. ಫಿಲಿಪೀನ್ಸ್ 2024ರ ಲೆಕ್ಕದಲ್ಲಿ 4,470 ಡಾಲರಿಗೆ ಬಂದು ಕೇವಲ ಇಪ್ಪತ್ತಾರು ಡಾಲರಿನ ಕೊರತೆಯಿಂದ ಗೆರೆಯ ಈಚೆಯೇ ನಿಂತಿತು. ಭಾರತವು 2007ರ ಆದಾಯದ ಲೆಕ್ಕದಲ್ಲಿ ಕೆಳಮಧ್ಯಮ ವರ್ಗಕ್ಕೆ ಬಂದಿತು.

ದೀರ್ಘಕಾಲದ ಹೋಲಿಕೆಯಾದರೋ ಇಂಥ ಸಣ್ಣ ಏರಿಳಿತಗಳನ್ನು ಮೀರಿ ಮಾತನಾಡುತ್ತದೆ. ಆಂಗಸ್ ಮ್ಯಾಡಿಸನ್ ಎಂಬ ಇತಿಹಾಸಕಾರರು 1990ರ ಸಮಾನ ಡಾಲರುಗಳಲ್ಲಿ ಕಟ್ಟಿದ ಅಂದಾಜಿನಂತೆ 1950ರಲ್ಲಿ ಭಾರತದ ತಲಾ ಉತ್ಪನ್ನ 619. ಚೀನಾದ್ದು 440ರ ಆಸುಪಾಸು. ದಕ್ಷಿಣ ಕೊರಿಯಾದ್ದು 800ರ ಆಸುಪಾಸು. ಅಂದರೆ ಅಂದು ನಾವು ಚೀನಾಕ್ಕಿಂತ ಮುಂದೆ, ಕೊರಿಯಾಕ್ಕಿಂತ ಅಷ್ಟೇನೂ ಹಿಂದಲ್ಲ. ಇಂದು ಅಟ್ಲಾಸ್ ವಿಧಾನದ ತಲಾ ರಾಷ್ಟ್ರೀಯ ಆದಾಯದಲ್ಲಿ ಚೀನಾ ಹದಿಮೂರು ಸಾವಿರ ಡಾಲರನ್ನು ದಾಟಿದೆ, ಕೊರಿಯಾ ಮೂವತ್ತೈದು ಸಾವಿರವನ್ನು. ಅಳತೆಯ ದೋಷಗಳನ್ನೆಲ್ಲ ಉದಾರವಾಗಿ ಒಪ್ಪಿಕೊಂಡರೂ ಈ ಅಂತರವು ಕರಗುವುದಿಲ್ಲ. ತಲೆಗೆ ವರ್ಷಕ್ಕೆ ಶೇಕಡಾ ಒಂದೂಕಾಲರಂತೆ ಬೆಳೆದರೆ ಆದಾಯವು ಇಮ್ಮಡಿಸಲು ಐವತ್ತಾರು ವರ್ಷ, ಆರರಂತೆ ಬೆಳೆದರೆ ಹನ್ನೆರಡೇ ವರ್ಷ. ತೆಂಗಿನ ಸಸಿಯನ್ನು ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯಬಲ್ಲ ನಮ್ಮ ಜನ, ಐವತ್ತಾರು ವರ್ಷವೆಂದರೆ ಎರಡು ತಲೆಮಾರಿನ ಶಾಲೆ, ಆಸ್ಪತ್ರೆ, ಊಟಗಳ ಪ್ರಶ್ನೆಯೆಂಬುದನ್ನು ಅರಿಯದವರಲ್ಲ.

ಕೊನೆಗೆ ಒಟ್ಟು ಎಂಬ ವಿಶೇಷಣದ ವಿಚಾರ. ಒಟ್ಟು ಆದಾಯದಲ್ಲಿ ಯಂತ್ರ, ಕಟ್ಟಡ, ತೋಟಗಳ ಸವಕಳಿಯನ್ನು ಕಳೆದಿರುವುದಿಲ್ಲ. ಫಲ ಕೊಡುವ ತೆಂಗಿನ ಮರವು ಲೆಕ್ಕದಲ್ಲಿ ಸ್ಥಿರ ಬಂಡವಾಳ. ಅದು ಮುಪ್ಪಿನಿಂದಲೋ ಅಣಬೆ ರೋಗದಿಂದಲೋ ಕ್ಷಯಿಸುವುದನ್ನು ಒಟ್ಟು ಅಂಕಿಯು ಹೇಳದು. ಇನ್ನೂ ತೀವ್ರವಾದುದು ನೆಲದೊಳಗಿನ ಸಂಪತ್ತಿನದು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಪ್ರಪಂಚದಾದ್ಯಂತ ಏರಿ, ಅಗೆತವು ಮಿತಿಮೀರಿ, 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬಳಿಕ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ನಿಲ್ಲಿಸಿತು. ಅಗೆಯುತ್ತಿದ್ದ ವರ್ಷಗಳಲ್ಲಿ, ಲೆಕ್ಕಕ್ಕೆ ಸಿಕ್ಕಿದ ಒಂದೊಂದು ಟನ್ನೂ ಒಟ್ಟು ಆದಾಯದಲ್ಲಿ ಗಳಿಕೆಯೆಂದೇ ದಾಖಲಾಯಿತು. ಗುಡ್ಡವು ಆ ಟನ್ನಿನಷ್ಟು ಬರಿದಾದದ್ದು ಮಾತ್ರ ಯಾವ ಸಾಲಿನಲ್ಲಿಯೂ ಕಳೆಯಲ್ಪಡಲಿಲ್ಲ. ಅದೇ ಗುಡ್ಡದ ಬುಡದ ತೋಟದಲ್ಲಿ ಬಿದ್ದ ಕಾಯಿಯೂ ಗಳಿಕೆಯೇ, ಆದರೆ ಆ ಮರವು ಮುಂದಿನ ವರ್ಷವೂ ಕಾಯಿ ಕೊಡುತ್ತದೆ. ಎರಡಕ್ಕೂ ಒಂದೇ ಬೆಲೆಯ ಚೀಟಿ ಅಂಟಿಸಿದ ಲೆಕ್ಕವನ್ನು ನಾನು ಪೂರ್ಣವೆಂದು ಒಪ್ಪಲಾರೆ. 2025ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಅಂಕಿಸಂಖ್ಯಾ ಆಯೋಗವು ಅಂಗೀಕರಿಸಿದ ಹೊಸ ಪದ್ಧತಿಯು ಈ ಕೊರತೆಯನ್ನು ತುಂಬಲೆಳಸಿದೆ: ನಿಸರ್ಗಸಂಪತ್ತಿನ ಬರಿದಾಗುವಿಕೆಯನ್ನು ಉತ್ಪಾದನೆಯ ವೆಚ್ಚವೆಂದು ಗಣಿಸಿ, ಅದನ್ನು ಕಳೆದ ನಿವ್ವಳ ಆದಾಯಕ್ಕೆ ಮೊದಲಿಗಿಂತ ಮುಖ್ಯಸ್ಥಾನ ಕೊಡಬೇಕೆಂದು ಅದು ವಿಧಿಸುತ್ತದೆ. ದೇಶಗಳು ಅದನ್ನು ಆಚರಣೆಗೆ ತಂದಾಗ ಚಿಕ್ಕನಾಯಕನಹಳ್ಳಿಯ ಅದಿರು ಎರಡು ಬಾರಿ ಬರೆಯಲ್ಪಡುವುದು, ಒಮ್ಮೆ ಕೂಡಿಸುವ ಸಾಲಿನಲ್ಲಿ, ಒಮ್ಮೆ ಕಳೆಯುವ ಸಾಲಿನಲ್ಲಿ.